ಮುಗಿಯದ ನೆಗಡಿ ಮತ್ತು ಮೂಗಿನ ಹನಿ ಮದ್ದು

ತುಮಕೂರಿನ ಓದುಗರೊಬ್ಬರ ಪತ್ರ: ಹದಿನೈದು ವರ್ಷದ ಮಗ ಮೂರು ವರ್ಷದಿಂದ ಬೆಳಗ್ಗೆ ಎದ್ದೊಡನೆ ಒಂದೇ ಸಮನೆ ಸೀನುತ್ತಾನೆ, ಮೂಗು, ಕಣ್ಣು ತುರಿಸುತ್ತವೆ, ಮೂಗು ನೀರಿನಂತೆ ಸುರಿಯುತ್ತದೆ. ಮೊಸರು, ಬಾಳೆಹಣ್ಣು ಬಿಡಿಸಿದ್ದಾಯಿತು. ವೈದ್ಯರು ಬರೆದ ಸ್ಪ್ರೇ ಸ್ಟಿರಾಯ್ಡ್ ಎಂದು ತಿಳಿದು ನಾಲ್ಕೇ ದಿನಕ್ಕೆ ನಿಲ್ಲಿಸಿದರು. ಎರಡು ತಿಂಗಳಿಂದ ಮೆಡಿಕಲ್ ಶಾಪಿನ ಹನಿ ಮದ್ದು. ಈಗ ಅದಿಲ್ಲದೆ ರಾತ್ರಿ ಮೂಗು ಬಿಡುವುದೇ ಇಲ್ಲ.

ತಾಯಿ, ವೈರಸ್ಸಿನ ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಇಳಿಯುತ್ತದೆ. ಜ್ವರವಿಲ್ಲದೆ, ತುರಿಕೆಯೊಂದಿಗೆ ವರ್ಷಗಟ್ಟಲೆ ಉಳಿಯುವುದು ಅಲರ್ಜಿಯ ಲಕ್ಷಣ. ಬೆಳಗಿನ ಸೀನಿಗೆ ಹಾಸಿಗೆ, ದಿಂಬಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಹುಳವೇ ಹೆಚ್ಚಾಗಿ ಕಾರಣ. ಮೊಸರು, ಬಾಳೆಹಣ್ಣು ಕೊಡಿ; ಬೆಳೆಯುವ ಹುಡುಗನಿಂದ ಅವನ್ನು ಕಿತ್ತುಕೊಂಡು ಪ್ರಯೋಜನವಿಲ್ಲ.

ಮೊದಲು ಹನಿಯ ಮಾತು. ಸೀಸೆಯ ಮೇಲೆ ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೊಮೆಟಜೋಲಿನ್ ಎಂದಿದೆಯೇ ನೋಡಿ. ಇವು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸಿ ಕೂಡಲೇ ಉಸಿರು ಬಿಡಿಸುತ್ತವೆ. ಐದು ದಿನ ಮೀರಿ ಬಳಸಿದರೆ, ಮದ್ದಿನ ಪ್ರಭಾವ ಇಳಿದಾಗಲೆಲ್ಲ ನಾಳಗಳು ಇನ್ನಷ್ಟು ಊದುತ್ತವೆ. ಆಗ ಮತ್ತೆ ಹನಿ, ಮತ್ತೆ ಊತ. ಈಗ ರಾತ್ರಿ ಮೂಗು ಕಟ್ಟಿಸುತ್ತಿರುವುದು ಬಹುಪಾಲು ಆ ಹನಿಯೇ. ವೈದ್ಯರನ್ನು ಕೇಳಿ ಸ್ಪ್ರೇ ಮತ್ತೆ ಶುರು ಮಾಡಿ, ಹನಿಯನ್ನು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಬಹುದು. ಒಂದೆರಡು ವಾರ ಕಷ್ಟವಾಗುತ್ತದೆ. ದಯವಿಟ್ಟು ಅಲ್ಲಿ ಸೋಲಬೇಡಿ.

ಸ್ಪ್ರೇ ಸೋತಿಲ್ಲ, ಅದಕ್ಕೆ ಸಮಯ ಸಿಗಲಿಲ್ಲ. ಪೂರ್ತಿ ಗುಣ ಕಾಣಲು ದಿನವೂ ಬಳಸಿ ಎರಡು ವಾರವಾದರೂ ಬೇಕು. ನಿಮ್ಮ ಹೆದರಿಕೆ ಸಹಜವೇ. ಆದರೆ ಫ್ಲೂಟಿಕಸೋನ್ ಎಂಬ ಸ್ಟಿರಾಯ್ಡ್ ಸ್ಪ್ರೇಯ ಒಂದು ಒತ್ತಿಗೆ ಸಾಮಾನ್ಯವಾಗಿ ಬರುವುದು 50 ಮೈಕ್ರೋಗ್ರಾಂ, ಅದರಲ್ಲಿ ರಕ್ತ ಸೇರುವುದು ತೀರ ಅಲ್ಪ. ಬೆಳೆಯುವ ವಯಸ್ಸಾದ್ದರಿಂದ ವೈದ್ಯರ ಬಳಿ ಎತ್ತರ ಅಳೆಸುತ್ತಿರಿ.

ಹಾಕುವ ರೀತಿ ತಪ್ಪಿದರೆ ಮದ್ದು ಗಂಟಲಿಗಿಳಿದು ವ್ಯರ್ಥವಾಗುತ್ತದೆ. ಮೂಗು ಸೀಟಿ, ಸೀಸೆ ಕುಲುಕಿ. ಹೊಸದಾದರೆ ಸಣ್ಣ ತುಂತುರು ಬರುವವರೆಗೆ ಗಾಳಿಯಲ್ಲಿ ಒತ್ತಿ. ತಲೆ ಹಿಂದಕ್ಕೆ ಎತ್ತಬಾರದು, ತುಸು ಮುಂದಕ್ಕೆ ಬಾಗಿಸಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ಅದೇ ಬದಿಯ ಕಿವಿಯತ್ತ ಇರಲಿ. ಮೂಗಿನ ನಡುಗೋಡೆಗೆ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು, ಜೋರಾಗಿ ಸೇದಬಾರದು.

ಉಪ್ಪುನೀರಿನಿಂದ ಮೂಗು ತೊಳೆಯುವುದಾದರೆ, ಕುದಿಸಿ ಆರಿಸಿದ 240 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ, ಅದರಲ್ಲಿ ಅಪಾಯಕಾರಿ ಅಮೀಬಾ ಇರುವ ಸಾಧ್ಯತೆಯುಂಟು. ತೊಳೆದು ಹತ್ತು ನಿಮಿಷ ಬಿಟ್ಟು ಸ್ಪ್ರೇ ಹಾಕಿ.

ಬೆಡ್‌ಶೀಟ್, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ; ತಣ್ಣೀರಿಗೆ ಹುಳ ಸಾಯುವುದಿಲ್ಲ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಗ ಅವನು ಕೋಣೆಯಲ್ಲಿರದಿರಲಿ.

ಚರ್ಮದ ಅಲರ್ಜಿ ಪರೀಕ್ಷೆಗೆ ಹೋಗುವಿರಾದರೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಅಥವಾ ಪದೇ ಪದೇ ರಕ್ತ ಬಂದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ: ಮೂಗಿನ ಅಲರ್ಜಿ ಇರುವವರಲ್ಲಿ ಅಸ್ತಮಾ ಜೊತೆಗಿರುವುದು ಸಾಮಾನ್ಯ.