ತಪ್ಪಿದ ಚುಚ್ಚುಮದ್ದನ್ನು ಈಗ ಹಾಕಿಸಬಹುದೇ?

ಪತ್ರ: ನಾವು ಹಾವೇರಿ ಕಡೆಯವರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದೇವೆ. ಮಗಳಿಗೆ ಏಳು ತಿಂಗಳು. ಎರಡನೇ ಸಲ ಚುಚ್ಚುಮದ್ದು ಹಾಕಿಸಿದ ರಾತ್ರಿ ಜ್ವರ ಬಂತು, ತೊಡೆ ಊದಿತು. ಹೆದರಿ ಮೂರನೆಯದಕ್ಕೆ ಹೋಗಲಿಲ್ಲ. ಈಗ ಹೋದರೆ ಬೈಯುತ್ತಾರಾ? ಮೊದಲಿಂದ ಹಾಕುತ್ತಾರಾ? ಮಗುವಿಗೆ ನೆಗಡಿ ಬೇರೆ ಇದೆ. ನನ್ನ ತಂಗಿ ಬಸುರಿ, ಅವಳು ಏನು ಹಾಕಿಸಬೇಕು?

ಸಂಪಾದಕರ ಉತ್ತರ:

ಪ್ರೀತಿಯ ಸೋದರಿ,

ಮೊದಲಿಂದ ಶುರು ಮಾಡಬೇಕಿಲ್ಲ. ಹಾಕಿಸಿದ ಎರಡು ಡೋಸ್ ವ್ಯರ್ಥವಾಗಿಲ್ಲ. ನಿಂತ ಕಡೆಯಿಂದಲೇ ಮುಂದುವರಿಸುತ್ತಾರೆ. 14ನೇ ವಾರಕ್ಕೆ ಆಗಬೇಕಿದ್ದದ್ದು ಈಗ ಆಗುತ್ತದೆ, ಅಷ್ಟೇ. ಆದರೆ ಇನ್ನೂ ತಡಮಾಡಬೇಡಿ. ನಾಯಿಕೆಮ್ಮು ಬಂದರೆ ಎಳೆಗೂಸುಗಳಿಗೆ ಉಸಿರೇ ಕಟ್ಟುತ್ತದೆ.

ಆ ರಾತ್ರಿ ನೀವು ಹೆದರಿದ್ದು ಸಹಜ. ಅದು ಪೆಂಟಾವೇಲೆಂಟ್ ಲಸಿಕೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಕ್ಕಳಿಗೆ ಮೆದುಳುಜ್ವರ, ನ್ಯುಮೋನಿಯಾ ತರುವ ರೋಗಾಣು) ಹೀಗೆ ಐದಕ್ಕೂ ಒಂದೇ ಸೂಜಿ. ಜ್ವರ ಹೆಚ್ಚಾಗಿ ಬರುವುದು ಅದರಲ್ಲಿರುವ ನಾಯಿಕೆಮ್ಮಿನ ಮದ್ದಿನಿಂದ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಮಗುವಿನ ತೂಕಕ್ಕೆ ಪ್ಯಾರಾಸಿಟಮಾಲ್ ಎಷ್ಟು ಹಾಕಬೇಕು ಅಂತ ನರ್ಸ್ ಹತ್ತಿರ ಕೇಳಿಕೊಂಡೇ ಬನ್ನಿ. ಊದಿದ ಜಾಗ ಉಜ್ಜಬೇಡಿ. ಹೋದ ಸಲ ಫಿಟ್ಸ್ ಬಂದಿದ್ದರೆ, ಇಲ್ಲವೇ ಜೋರು ಅಲರ್ಜಿಯಾಗಿ ಉಸಿರಾಟಕ್ಕೆ ಕಷ್ಟವಾಗಿದ್ದರೆ ಮೊದಲು ಡಾಕ್ಟರಿಗೆ ಹೇಳಬೇಕು. ನೀವು ಅಂಥದ್ದೇನೂ ಬರೆದಿಲ್ಲ.

ನೆಗಡಿ ಇದ್ದರೂ ಹಾಕಿಸಬಹುದು. ಜೋರು ಜ್ವರ ಇದ್ದರೆ ಇಳಿಯುವ ತನಕ ಕಾಯಿರಿ.

ತಾಯಿ ಕಾರ್ಡ್ ಹಾವೇರಿಯದಾದರೂ ಚಿಂತೆಯಿಲ್ಲ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಹಾಕುತ್ತಾರೆ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ಯಾರಾದರೂ ಬೈದರೂ ಹಾಕಿಸದೆ ವಾಪಸ್ ಬರಬೇಡಿ. ಇದನ್ನು ಓದುತ್ತಿರುವ ನರ್ಸಮ್ಮಂದಿರಲ್ಲೂ ಒಂದು ಕೇಳಿಕೆ: ದಿನದ ಕೂಲಿ ಬಿಟ್ಟು, ತಡವಾಗಿಯಾದರೂ ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ ದಯವಿಟ್ಟು ಬೈಯಬೇಡಿ. ಬೈಸಿಕೊಂಡವಳು ಮುಂದಿನ ಸಲ ಬರುವುದೇ ಇಲ್ಲ.

ಇನ್ನು ನಿಮ್ಮ ತಂಗಿ. ಬಸುರಿ ಎಂದು ಗೊತ್ತಾದ ಕೂಡಲೇ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಇನ್ನೂ ಹಾಕಿಸಿಲ್ಲವಾದರೆ ಈಗಲೇ ಹೋಗಲಿ. ತಾಯಿಯ ರಕ್ತದಿಂದ ಆ ರಕ್ಷಣೆ ಹೊಟ್ಟೆಯೊಳಗಿನ ಮಗುವಿಗೂ ಸಿಗುತ್ತದೆ, ಹುಟ್ಟಿದ ಕೂಸಿಗೆ ಧನುರ್ವಾಯು ತಗಲುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು ಮಾತ್ರ ಬಸುರಿಯಲ್ಲಿ ಹಾಕುವುದಿಲ್ಲ. ಆದರೆ ರುಬೆಲ್ಲಾ ಬಸುರಿನ ಮೊದಲ ತಿಂಗಳುಗಳಲ್ಲಿ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. ಅದಕ್ಕೇ ಮನೆಯ ಮಕ್ಕಳಿಗೆಲ್ಲ ಅದು ಆಗಿರಬೇಕು. ನಿಮ್ಮ ಮಗಳಿಗೆ 9 ತಿಂಗಳು ತುಂಬಿದ ಕೂಡಲೇ ಹಾಕಿಸಿ, ಅದರಿಂದ ತಂಗಿಗೆ ಏನೂ ಆಗದು. ಈ ವಾರ ಹೋದಾಗಲೇ ಆ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.