ಸೆಕೆಂಡ್ ಹ್ಯಾಂಡ್ ಬೈಕಲ್ಲಿ ಕೂಲೆಂಟ್ ಸೋರಿದರೆ ಎಲ್ಲಿ ನೋಡಬೇಕು?

ಕಾಸರಗೋಡಲ್ಲಿ ಕೊಂಡ ಹಳೆ ಬೈಕ್, ನಿಲ್ಲಿಸಿದ ಜಾಗದಲ್ಲಿ ಹಸಿರು ಹನಿ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ ಇರಬಹುದು.

ಮೊದಲು ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಬೈಕ್ ತೊಳೆದು ಒರೆಸಿ, ಅಡಿಗೆ ರಟ್ಟು ಹಾಸಿ, ಅಂಗಳದಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಡಿ. ಟಾರ್ಚ್ ಹಿಡಿದು ಹನಿಯ ಜಾಡು ಹಿಡಿಯಿರಿ.

ಹೋಸ್ (ಕೂಲೆಂಟ್ ಹರಿಯುವ ರಬ್ಬರ್ ಪೈಪ್) ತುದಿ ಒದ್ದೆಯಾದರೆ ಕ್ಲಾಂಪ್ ಬಿಗಿ ಮಾಡಿದರೆ ಸಾಕಾಗಬಹುದು. ಹೋಸ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಹಳೆ ಬೈಕಲ್ಲಿ ನನಗೆ ಜಾಸ್ತಿ ಅನುಮಾನ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್ ಮೇಲೆ. ಅದರ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿದರೆ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ತೂತನ್ನು ಎಂ-ಸೀಲ್ ಹಾಕಿ ಮುಚ್ಚಿಸಬೇಡಿ! ಸೋರಿದ್ದು ಹೊರಗೆ ಬರಲೆಂದೇ ಅದನ್ನು ಇಟ್ಟಿರುವುದು. ಮುಚ್ಚಿದರೆ ಕೂಲೆಂಟ್ ಇಂಜಿನ್ ಆಯಿಲಿಗೆ ಸೇರಬಹುದು. ಆಯಿಲ್ ಈಗಾಗಲೇ ಹಾಲು ಹಾಕಿದ ಚಹಾದಂತೆ ಕಂಡರೆ ಬೈಕ್ ಓಡಿಸಲೇಬೇಡಿ.

ಹೊರಗೆ ಎಲ್ಲೂ ಹನಿಯಿಲ್ಲ, ಆದರೂ ಕೂಲೆಂಟ್ ಇಳಿಯುತ್ತಿದೆ, ಬಿಸಿಯಾದ ಮೇಲೂ ಸೈಲೆನ್ಸರಿಂದ ಬಿಳಿ ಹೊಗೆ ಬರುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತು ಸಿಲಿಂಡರ್ ನಡುವಿನ ಸೀಲ್) ನೋಡಿಸಿ.

ರಿಪೇರಿ ಆದಮೇಲೆ ಸುಮ್ನೆ ಬಾವಿ ನೀರು ತುಂಬಬೇಡಿ. ನಮ್ಮ ಕಡಲ ಬದಿಯ ಬಾವಿಗಳಲ್ಲಿ ಉಪ್ಪಿನಂಶ ಇರುವುದುಂಟು, ಅಲ್ವಾ? ಅದು ರೇಡಿಯೇಟರ್ ತಿನ್ನುತ್ತದೆ. ರೆಡಿ ಮಿಕ್ಸ್ ಕೂಲೆಂಟ್ ಹಾಕಿ, ಒಳಗಿನ ಗಾಳಿ ಪೂರ್ತಿ ಹೊರಗೆ ಬಿಡಿಸಿ.