ನವಜಾತ ಶಿಶುವಿನ ಶ್ವಾಸಕೋಶಕ್ಕೆ ಪೆಟ್ಟಾದಾಗ ಸಿಪ್ಯಾಪ್, ವೆಂಟಿಲೇಟರ್, ಸರ್ಫ್ಯಾಕ್ಟಂಟ್: ಯಾವುದು ಮೇಲು?

ಮಗುವಿಗೆ ಆಗಿರೋದು ಏನು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಸರ್ಫ್ಯಾಕ್ಟಂಟ್, ಅಂದ್ರೆ ಶ್ವಾಸಕೋಶದ ಗಾಳಿಗೂಡುಗಳು ಮುಚ್ಚದಂತೆ ಕಾಯುವ ಒಳಲೇಪ, ಕಡಿಮೆ. ಅದಿಲ್ಲದೆ ಉಸಿರು ಬಿಟ್ಟಾಗಲೆಲ್ಲ ಗಾಳಿಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಒಳಗೇ ಅಂಟಿಕೊಳ್ಳುತ್ತವೆ. ಮಗು ನರಳುತ್ತೆ, ಪಕ್ಕೆಗಳ ನಡುವೆ ಗುಳಿ ಬೀಳುತ್ತೆ. ತಾನಾಗಿ ಉಸಿರಾಡುತ್ತಿದ್ದರೆ ಮೊದಲು ಸಿಪ್ಯಾಪ್. ಮೂಗಿನಿಂದ ಹೋಗುವ ಸಣ್ಣ ಒತ್ತಡ ಆ ಗೂಡುಗಳನ್ನು ಮುಚ್ಚಲು ಬಿಡುವುದಿಲ್ಲ. ಆಕ್ಸಿಜನ್ ಬೇಡಿಕೆ ಏರುತ್ತಲೇ ಇದ್ದರೆ ತೆಳು ನಳಿಕೆಯಿಂದ ಶ್ವಾಸನಾಳಕ್ಕೇ ಸರ್ಫ್ಯಾಕ್ಟಂಟ್ ಹಾಕುತ್ತಾರೆ. ಹಾಗಂತ ಸಿಪ್ಯಾಪ್ ಪೂರ್ತಿ ನಿರಪಾಯಕಾರಿ ಅಲ್ಲ. 2008ರ ಕಾಯಿನ್ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಶುರುಮಾಡಿದ 9% ಮಕ್ಕಳಿಗೆ ಶ್ವಾಸಕೋಶದಿಂದ ಗಾಳಿ ಸೋರಿತ್ತು, ವೆಂಟಿಲೇಟರ್ ಗುಂಪಿನಲ್ಲಿ 3% ಮಕ್ಕಳಿಗೆ.

ವೆಂಟಿಲೇಟರ್ ಜೀವ ಉಳಿಸುತ್ತೆ, ಆದರೆ ಅದೇ ಪೆಟ್ಟೂ ಕೊಡುತ್ತೆ. ಅದಕ್ಕೇ ಒಂದು ಉಸಿರಿಗೆ ಕಿಲೋಗೆ 4ರಿಂದ 6 ಮಿಲಿ ಗಾಳಿ ಸಾಕು. ಅಂದ್ರೆ ಎರಡು ಕಿಲೋ ಮಗುವಿಗೆ ಬರೀ ಎರಡು ಟೀ ಚಮಚದಷ್ಟು! ನನ್ನ ಪ್ರಕಾರ, ಯಾವ ಮೆಷಿನ್ ಅನ್ನೋದಕ್ಕಿಂತ ಈ ಅಳತೆ ಕಾಯೋದೇ ಮುಖ್ಯ. ಶ್ವಾಸಕೋಶದ ಗಾಳಿಯನ್ನು ನಿಮಿಷಕ್ಕೆ 600–900 ಸಲ ನಡುಗಿಸುವ ಎಚ್‌ಎಫ್‌ಒವಿ ಅನ್ನೋ ವೆಂಟಿಲೇಟರ್ ವಿಧಾನ ಕೇಳೋಕೆ ಭಾರಿ ಅನ್ಸುತ್ತೆ, ಅಲ್ವಾ? ಆದರೆ ಎಲ್ಲರಿಗೂ ಮೊದಲಿನಿಂದಲೇ ಬಳಸಿದರೆ ಸ್ಪಷ್ಟ ಲಾಭ ಕಂಡಿಲ್ಲ. ಸಾಮಾನ್ಯ ವೆಂಟಿಲೇಟರ್ ಸಾಲದಾದಾಗ ಅದನ್ನು ಹಾಕುತ್ತಾರೆ.

ತಿಂಗಳು ತುಂಬಿದ ಮಗುವಿನ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿದ್ದರೆ ಕತೆ ಬೇರೆ. ಅಲ್ಲಿ ಉಸಿರಿನ ಜೊತೆ ಕೊಡುವ ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ ಬರುತ್ತೆ. ಅದಕ್ಕೂ ಬಗ್ಗದಿದ್ದರೆ, ರಕ್ತವನ್ನೇ ಹೊರಗೆ ತೆಗೆದು ಆಕ್ಸಿಜನ್ ತುಂಬಿಸುವ ಎಕ್ಮೋ.